ರಸ್ತೆಗೆ ಕಾಣುವ ಸೋಯಾ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರೆಲ್ಲ ಪರೀಕ್ಷಕರೇ. ಯಾರ ಹೊಲ ಕಪ್ಪಗಿದೆ, ಯಾರದು ಬಿಳಿಚಿಕೊಂಡಿದೆ, ಯಾರ ಸಾಲು ಸೊಟ್ಟ ಎಂದು ಬಸ್ಸು ಹೊಲ ದಾಟುವಷ್ಟರಲ್ಲಿ ಅಂಕ ಕೊಟ್ಟು ಮುಗಿಸಿರುತ್ತಾರೆ. ನಮ್ಮ ಕಡೆ ದಟ್ಟ ಹಸಿರನ್ನು ಕಪ್ಪು ಅನ್ನುತ್ತೇವೆ. ಪೈರು ಕಪ್ಪಗಿದೆ ಅಂದರೆ ಆ ಮನೆಯ ಗಂಡಸಿಗೆ ಮಾನ. ಹಳದಿಗಿದ್ದರೆ ಅವನು ಟೀ ಅಂಗಡಿಗೆ ಹೋಗುವ ದಾರಿಯನ್ನೇ ಬದಲಿಸುತ್ತಾನೆ.

ಕಾಮಗೆರೆ ದಾಟಿದರೆ ನಮ್ಮ ಒಂದೆಕರೆ ಆ ರಸ್ತೆಗೆ ಅಂಟಿಕೊಂಡಿದೆ. ಅದರ ಮುಂದಿನ ಅರ್ಧಭಾಗ ಬಸ್ಸಿನವರಿಗೆಲ್ಲ ಕಾಣುತ್ತದೆ. ನಡುವೆ ಒಂದು ಬದು, ಬದುವಿನ ಮೇಲೆ ಎರಡು ಬೇವಿನ ಮರ. ಅಲ್ಲಿಂದ ನೆಲ ಹಳ್ಳದ ಕಡೆಗೆ ಇಳಿಯುವುದರಿಂದ ಹಿಂದಿನ ಅರ್ಧ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಬದು ನನ್ನ ಸಂಸಾರದಲ್ಲಿ ಏನು ಮಾಡಿತು ಎಂಬುದನ್ನು ಹೇಳಬೇಕು. ನಾನು ಯಳಂದೂರಿನ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಂಕ ಕೊಟ್ಟು ನಿವೃತ್ತಳಾದವಳು. ದುಂಡಗಿನ ಅಕ್ಷರಕ್ಕೆ ಮರುಳಾಗಿ ತಪ್ಪು ಉತ್ತರಕ್ಕೆ ಅಂಕ ಹಾಕುವ ಮೇಷ್ಟ್ರುಗಳನ್ನು ಕಂಡರೆ ಆಗಲೂ ನನಗೆ ಮೈ ಉರಿಯುತ್ತಿತ್ತು. ಈಗ ಇನ್ನೂ ಜಾಸ್ತಿ ಉರಿಯುತ್ತದೆ.

ಹೋದ ವರ್ಷ ಮುಂಗಾರಿನ ಹೊತ್ತಿಗೆ ಸೊಸೆಗೆ ಮೂರು ತಿಂಗಳಾಗಿತ್ತು. ಅದಕ್ಕೂ ಹಿಂದಿನ ವರ್ಷ ಒಂದು ಬಸಿರು ನಿಂತಿರಲಿಲ್ಲ. ಹುಡುಗಿ ಮೊದಲೇ ಕಡ್ಡಿ, ಆ ಸಂಕಟ ಕಳೆದ ಮೇಲೆ ಇನ್ನೂ ಸೊರಗಿದ್ದಳು. ಊರಿನ ಆಸ್ಪತ್ರೆಯಲ್ಲಿ ತೂಕ ನೋಡಿದ ನರ್ಸು ಮುಖ ಗಂಟಿಕ್ಕಿದರು. ಹಾಲು, ಬೇಳೆ, ಮೊಟ್ಟೆ ಎಂದು ಪಟ್ಟಿ ಹೇಳಲು ಶುರುಮಾಡಿ ನನ್ನ ಹಣೆಯ ವಿಭೂತಿ ನೋಡಿ ನಿಲ್ಲಿಸಿದರು. ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆ ಹೊಸಿಲು ದಾಟುವುದಿಲ್ಲ.

"ಹಂಗಾರೆ ಸೋಯಾನಾದ್ರೂ ತಿನ್ಸಿ ಟೀಚರೆ. ಕಾಳಲ್ಲೆಲ್ಲಾ ಅದ್ರಲ್ಲೇ ಶಕ್ತಿ ಜಾಸ್ತಿ" ಅಂದರು.

ತಿನ್ನಿಸುತ್ತೇನೆ, ಆದರೆ ಅಂಗಡಿಯದನ್ನಲ್ಲ, ನಾನೇ ಬೆಳೆದದ್ದನ್ನು ಎಂದು ಅಲ್ಲೇ ತೀರ್ಮಾನಿಸಿದೆ. ಕಾಳು ಬರುವ ಹೊತ್ತಿಗೆ ಅವಳಿಗೆ ಆರೇಳು ತಿಂಗಳು. ಮಗು ಬೆಳೆಯುವುದೇ ಆಗ, ಬಾಣಂತನಕ್ಕೂ ಆಗುತ್ತದೆ ಅಂದುಕೊಂಡೆ. ನಮ್ಮ ಕಡೆ ರಾಗಿ, ಜೋಳ, ಹುರುಳಿ, ಅವರೆ ಗೊತ್ತು. ಸೋಯಾ ಹಾಕುವವರು ಕಡಿಮೆ. ಹನೂರಿನಲ್ಲಿ ಕೃಷಿ ಇಲಾಖೆಯ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿ ಬಿತ್ತನೆ ಬೀಜ ಕೊಡಿಸಿದಳು. ಜೊತೆಗೆ ಕರ್ರಗಿನ ಪುಡಿಯ ಒಂದು ಪೊಟ್ಟಣ ಕೊಟ್ಟು, ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಸವರಿ ನೆರಳಲ್ಲಿ ಒಣಗಿಸಿ ಬಿತ್ತಬೇಕು ಅಂದಳು.

"ಇದರಲ್ಲಿ ಜೀವಾಣು ಇದೆ ಮಿಸ್. ಬೇರಿನಲ್ಲಿ ಗಂಟು ಕಟ್ಟಿಕೊಂಡು ಗಾಳಿಯಲ್ಲಿರೋ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತೆ. ಮೊದಲ ಮೂರು ವಾರ ಗಂಟು ಇನ್ನೂ ಕಟ್ಟಿರಲ್ಲ, ಗಿಡ ಹಳದಿಗೆ ಇರುತ್ತೆ. ಹೆದರಿಕೊಂಡು ಯೂರಿಯಾ ಮಾತ್ರ ಎರಚಬೇಡಿ. ಪುಕ್ಕಟೆ ಊಟ ಸಿಕ್ಕರೆ ಗಿಡ ಗಂಟು ಕಟ್ಟೋದನ್ನೇ ಬಿಡುತ್ತೆ. ಯೂರಿಯಾ ಎರಡು ಮಳೆಗೆ ತೊಳೆದು ಹೋಗುತ್ತೆ. ಕಾಯಿ ತುಂಬೋ ಹೊತ್ತಿಗೆ ಕೊಡೋರೇ ಇರಲ್ಲ. ಕಾಳೇನೋ ಆಗುತ್ತೆ, ಒಳಗೆ ಪ್ರೋಟೀನ್ ಕಮ್ಮಿ ಆಗುತ್ತೆ."

ನಾನು ಪಾಠ ಹೇಳಿಕೊಟ್ಟ ಹುಡುಗಿ ನನಗೆ ಪಾಠ ಹೇಳಿದಳು. ನಾನು ಮನೆಗೆ ಬಂದು ಅದನ್ನೇ ಯಜಮಾನರಿಗೆ ಒಪ್ಪಿಸಿದೆ. ಅವರು ಹೂಂಗುಟ್ಟಿದರು. ನನ್ನ ಯಜಮಾನರ ಹೂಂಕಾರಕ್ಕೆ ಯಾವ ಅರ್ಥವೂ ಇಲ್ಲ ಎಂದು ಮೂವತ್ತೈದು ವರ್ಷದ ಸಂಸಾರದಲ್ಲಿ ನಾನು ಕಲಿತಿರಬೇಕಿತ್ತು.

ಬಿತ್ತನೆಯ ದಿನ ನಾನೇ ಎದುರು ನಿಂತೆ. ರಾಗಿ ಬಿತ್ತಿದ ಕೈ ಸುಮ್ಮನಿರುವುದಿಲ್ಲ. ನಮ್ಮಲ್ಲಿ ರಾಗಿಯನ್ನು ಗೊಬ್ಬರದ ಜೊತೆ ಬೆರೆಸಿಯೇ ಕೂರಿಗೆಯ ಬಟ್ಟಲಿಗೆ ಸುರಿಯುವುದು. ಯಜಮಾನರು ಸೋಯಾಕ್ಕೂ ಹಾಗೇ ಬೆರೆಸಲು ಮೂಟೆ ಬಿಚ್ಚಿದ್ದರು. ಜೀವಾಣು ಸವರಿದ ಬೀಜ ರಸಗೊಬ್ಬರದಲ್ಲಿ ಹೊರಳಿದರೆ ಜೀವಾಣು ಸತ್ತೇ ಹೋಗುತ್ತದೆ ಎಂದು ಜಗಳ ಮಾಡಿ ಮೂಟೆಯ ಬಾಯಿ ಕಟ್ಟಿಸಿದೆ. ಗೆದ್ದೆ ಅಂದುಕೊಂಡೆ.

ಮೊಳಕೆ ಚೆನ್ನಾಗಿ ಬಂತು. ಎರಡು ವಾರಕ್ಕೆ ಅವಳು ಹೇಳಿದ ಹಾಗೇ ಗಿಡ ಹಳದಿಗೆ ತಿರುಗಿತು. ಕಿಟಕಿಯ ಪರೀಕ್ಷಕರು ಶುರುಮಾಡಿದರು. ಟೀ ಅಂಗಡಿಯಲ್ಲಿ ಯಾರೋ ಯಜಮಾನರನ್ನು ಕೂಗಿ ಕೇಳಿದರಂತೆ: "ಏನಣ್ಣೋ, ಟೀಚರಮ್ಮನ ಹೊಲಕ್ಕೆ ಕಾಮಾಲೆ ಬಂದದಲ್ಲಾ, ನಾಟಿ ಔಸ್ದಿ ಕುಡ್ಸುದ್ರಾ?"

ಅವರು ಮನೆಗೆ ಬಂದು ತಟ್ಟೆಯ ಮುಂದೆ ಕೂತು ಎರಡೇ ತುತ್ತು ಉಂಡರು. ಮೂರು ವಾರ ತಡೆದುಕೊಳ್ಳಿ ಅಂದೆ. ಹೂಂ ಅಂದರು.

ಆ ವಾರವೇ ಸೊಸೆಗೆ ವಾಂತಿ ನಿಲ್ಲದೆ, ಮೂರು ದಿನ ನಾನು ಅವಳ ಜೊತೆ ಆಸ್ಪತ್ರೆಯಲ್ಲಿದ್ದೆ. ನನಗೆ ಎಷ್ಟೋ ತಿಂಗಳ ಮೇಲೆ ಗೊತ್ತಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಮೂರು ದಿನದಲ್ಲಿ ಈ ಮಹಾನುಭಾವರು ಅಂಗಡಿಯಿಂದ ಎರಡು ಮೂಟೆ ಯೂರಿಯಾ ತಂದು ಎರಚಿದ್ದರು. ಎಲ್ಲಿಗೆ? ರಸ್ತೆಗೆ ಕಾಣುವ ಅರ್ಧಕ್ಕೆ ಮಾತ್ರ. ಬೇವಿನ ಮರದ ಆಚೆಗೆ ಒಂದು ಹಿಡಿಯನ್ನೂ ಹಾಕಲಿಲ್ಲ. ಅಲ್ಲಿ ನೋಡುವವರು ಯಾರಿದ್ದಾರೆ? ಬೆಳೆಗೆ ಗೊಬ್ಬರ ಹಾಕಿದ್ದರೆ ನಾನು ಅರ್ಧ ಕ್ಷಮಿಸುತ್ತಿದ್ದೆ. ಅವರು ಗೊಬ್ಬರ ಹಾಕಿದ್ದು ಬಸ್ಸಿಗೆ.

ನಾನು ಆಸ್ಪತ್ರೆಯಿಂದ ಬಂದ ವಾರಕ್ಕೆ ಮುಂದಿನ ಹೊಲ ಕಪ್ಪಾಯಿತು. ಹಿಂದಿನದು ಇನ್ನೂ ಹಳದಿಯಲ್ಲೇ ತೂಕಡಿಸುತ್ತಿತ್ತು.

"ಮುಂದ್ಗಡೆ ನೆಲ ವಸಿ ಚೆನ್ನಾಗದೆ ಕಣಮ್ಮಿ, ಅದಕ್ಕೇಯ" ಅಂದರು.

ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಬಸ್ಸಿನಲ್ಲಿ ಒಬ್ಬಾಕೆ "ನಿಮ್ದೇನಾ ಮೇಡಮ್ಮೋರೆ ಆ ಸೋಯಾ? ಕಪ್ಪಗೆ ಕಾಡಾಗದಲ್ಲಾ!" ಅಂದಾಗ ಉಬ್ಬಿದೆ. ಬರೆಯಲು ಕೂತ ಮೇಲೆ ಇದನ್ನೂ ಬರೆಯಬೇಕು.

ಹೂವಿನ ಹೊತ್ತಿಗೆ ಕೃಷಿ ಇಲಾಖೆಯ ಹುಡುಗಿ ಬಂದಳು. ಯಜಮಾನರು ಅವಳನ್ನು ನೇರ ಬದು ದಾಟಿಸಿ ಹಿಂದಿನ ಹೊಲಕ್ಕೆ ಕರೆದುಕೊಂಡು ಹೋದರು. ಅವಳು ಗಿಡ ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಸೀಳಿ ತೋರಿಸಿದಳು. ಒಳಗೆ ತಿಳಿಗೆಂಪು. "ಕೆಂಪಗಿದ್ದರೆ ಕೆಲಸ ಮಾಡ್ತಿದೆ ಅಂತ, ಮಿಸ್" ಅಂದು ಖುಷಿಪಟ್ಟಳು. ಮುಂದಿನ ಹೊಲದ್ದನ್ನೂ ಒಂದು ಕಿತ್ತು ನೋಡುತ್ತೇನೆ ಎಂದು ಅವಳು ತಿರುಗಿದರೆ ಇವರು ಅಡ್ಡ ಬಂದರು.

"ಬ್ಯಾಡ ಕಣವ್ವ, ಅಲ್ಲಿ ಆವು ಅದೆ. ಬೆಳಿಗ್ಗೆ ತಾನೆ ನೋಡ್ದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಯಾರೂ ಕಳ್ಳ ಅನ್ನುವ ಮೊದಲೇ ಮುಟ್ಟಿಕೊಂಡಿದ್ದರು. ಆದರೂ ನನಗೆ ಹೊಳೆಯಲಿಲ್ಲ. ಹೆಡೆ ಎತ್ತಿತ್ತಾ ಎಂದು ಬೇರೆ ಕೇಳಿದೆ.

ಕಟಾವಿಗೆ ಮುಂಚೆ ಒಂದು ದಿನ ನೋಡುತ್ತೇನೆ, ರಸ್ತೆ ಬದಿಯಲ್ಲಿ ನಮ್ಮ ಹೊಲದ ಮುಂದೆ ಒಂದು ಬ್ಯಾನರು! ಮೂಟೆಯ ಚಿತ್ರ, ಗೊಬ್ಬರದಂಗಡಿಯವನ ನಗುಮುಖ, ಕೆಳಗೆ 'ನಮ್ಮ ಗೊಬ್ಬರದ ಫಲ, ನೀವೇ ನೋಡಿ' ಎಂಬ ಬರಹ. ಕಿತ್ತು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಸೀದಾ ಅಂಗಡಿಗೆ ಹೋದೆ. ಯಜಮಾನರು ಹಿಂದೆಯೇ ಓಡಿಬಂದರು.

"ನಿನ್ನ ಗೊಬ್ಬರದ ಒಂದು ಹರಳು ನನ್ನ ಹೊಲಕ್ಕೆ ಬಿದ್ದಿಲ್ಲ. ಸುಳ್ಳು ಬರೆಸೋಕೆ ನಾಚಿಕೆ ಆಗಲ್ವೇನಯ್ಯ?" ಎಂದು ಗಿರಾಕಿಗಳೆದುರು ಕೂಗಾಡಿದೆ.

ಅಂಗಡಿಯವನು ನನ್ನನ್ನು ನೋಡಿದ, ನನ್ನ ಹಿಂದೆ ನಿಂತ ಯಜಮಾನರನ್ನು ನೋಡಿದ. "ಆಯ್ತು ಬುಡಿ ಮೇಡಂ, ಸುಳ್ಳೇ ಇರ್ಲಿ" ಅಂದು ನಕ್ಕ. ಯಜಮಾನರು ಅಂಗಡಿಯ ತಕ್ಕಡಿಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಅವತ್ತು ಆ ಅಂಗಡಿಯಲ್ಲಿ ಸುಳ್ಳು ಹೇಳಿದವಳು ನಾನೊಬ್ಬಳೇ ಎಂದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕಟಾವಾಯಿತು. ಮುಂದಿನ ಹೊಲದ ಗಿಡಗಳಲ್ಲಿ ಸೊಪ್ಪು ಜಾಸ್ತಿ, ಕಾಯಿ ಕಡಿಮೆ, ಆದರೆ ಕಾಳು ದಪ್ಪ, ಹೊಳಪು. ಹಿಂದಿನದರಲ್ಲಿ ಕಾಯಿ ಸಮೃದ್ಧಿ, ಕಾಳು ಸಣ್ಣ, ದುಂಡು, ಗಟ್ಟಿ. ಕಣದಲ್ಲಿ ಎರಡು ರಾಶಿ ಮಾಡಿದೆವು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಕಣದ ಒಳ್ಳೆಯ ಕಾಳು ಮೊದಲು ಮನೆಗೆ, ಉಳಿದದ್ದು ಮಾರಾಟಕ್ಕೆ. ನಮ್ಮತ್ತೆ ಇರುವವರೆಗೂ ರಾಗಿಯಾಗಲಿ ಅವರೆಯಾಗಲಿ ರಾಶಿಯ ತಲೆಯ ಕಾಳನ್ನು ಮೊರದಲ್ಲಿ ಕೇರಿ, ಆರಿಸಿ, ಮನೆಗೆ ಹೊತ್ತು ತಂದ ಮೇಲೇ ಸಾಹುಕಾರನ ಗಾಡಿಗೆ ಕೈಹಾಕಲು ಬಿಡುತ್ತಿದ್ದುದು. ನಾನೂ ಹಾಗೇ ಮಾಡಿದೆ. ದಪ್ಪ ಕಾಳನ್ನು ನನ್ನ ಕೈಯಾರೆ ಆರಿಸಿ ಮನೆಗೆ ಇಟ್ಟುಕೊಂಡೆ. ಸಣ್ಣದನ್ನು ಕೊಳ್ಳೇಗಾಲದ ವ್ಯಾಪಾರಿಗೆ ಕಳಿಸಿದೆವು. ಬಿತ್ತನೆಗೆ ಮಾತ್ರ ಸಣ್ಣದರಲ್ಲೇ ಒಂದು ಮಡಕೆ ತೆಗೆದಿಟ್ಟೆ, ಹಿಂದಿನ ಹೊಲದ್ದೇ ಇಡಿ ಎಂದು ಇಲಾಖೆಯ ಹುಡುಗಿ ಹೇಳಿಹೋಗಿದ್ದಳು. ಮಡಕೆಗೆ ಬೂದಿ ಬೆರೆಸಿ ಸಗಣಿಯಿಂದ ಬಾಯಿ ಮೆತ್ತಿ ಅಟ್ಟಕ್ಕೇರಿಸಿದೆ.

ಆಮೇಲೆ ದಿನಾ ಸೊಸೆಗೆ ಸೋಯಾ. ನೆನೆಸಿ, ಚೆನ್ನಾಗಿ ಬೇಯಿಸಿ ಉಪ್ಪುಸಾರಿಗೆ ಹಾಕಿದೆ, ರಾಗಿಯ ಜೊತೆ ಹಿಟ್ಟು ಮಾಡಿಸಿದೆ, ರುಬ್ಬಿ ಕುದಿಸಿ ಹಾಲು ಮಾಡಿದೆ. ಆ ಹಸಿ ವಾಸನೆಗೆ ಸೊಸೆ ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದಳು. ಒಂದು ದಿನವೂ ಬೇಡ ಅನ್ನಲಿಲ್ಲ.

"ಅತ್ತೆ, ಇದ್ನ ಕುಡುದ್ರೆ ಈ ಸತಿ ನಿಲ್ತದೆ ಅಲ್ವಾ?" ಎಂದು ಒಮ್ಮೆ ಕೇಳಿದಳು. "ನಿಲ್ಲದೆ ಏನು, ಓಡುತ್ತೆ" ಎಂದು ತಮಾಷೆ ಮಾಡಿದೆ. ಒಳಗೆ ಅಳು ಬಂದಿತ್ತು.

ಏಳು ತುಂಬಿದ ಮೇಲೆ ಮತ್ತೆ ಆಸ್ಪತ್ರೆಯ ತಕ್ಕಡಿ ಹತ್ತಿಸಿದೆವು. ಮುಳ್ಳು ಏರಬೇಕಾದಷ್ಟು ಏರಿರಲಿಲ್ಲ. ಮಗುವೂ ಸಣ್ಣದಿದೆ ಅಂದರು. ದಿನಾ ಸೋಯಾ ಕೊಡುತ್ತಿದ್ದೇನೆ ಅಂದೆ. "ದಿನಾ ಕೊಟ್ರೆ ಇಂಗಿರಲ್ವಲ್ಲಾ ಟೀಚರೆ" ಅಂದರು ಆ ನರ್ಸು. ಅಂದರೆ ನಾನು ಸೊಸೆಗೆ ಹೊಟ್ಟೆಗೆ ಹಾಕದ ಅತ್ತೆ! ಬೆಂಚಿನ ಮೇಲೆ ಕೂತಿದ್ದ ನಾಲ್ಕು ಹೆಂಗಸರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. ಸೊಸೆಯೇ ಮುಂದೆ ಬಂದು, ಕೊಡ್ತಾರೆ ಅಕ್ಕ, ನಾನು ಕುಡಿತೀನಿ ಅಂದಳು. ಅವಳ ದನಿಯಲ್ಲಿ ತಪ್ಪು ತನ್ನದೇ ಎಂಬಂಥ ಅಳುಕಿತ್ತು. ಅದನ್ನು ನನಗೆ ತಡೆಯಲಾಗಲಿಲ್ಲ.

ಹನೂರಿಗೆ ಫೋನು ಮಾಡಿದೆ. ಇಲಾಖೆಯ ಹುಡುಗಿ ಮಾರನೆಯ ದಿನವೇ ಬಂದಳು. ಬರೀ ಕಾಳಿನಿಂದಲೇ ತೂಕ ಏರುತ್ತೆ, ಇಳಿಯುತ್ತೆ ಅಂತ ಹೇಳೋಕಾಗಲ್ಲ ಮಿಸ್ ಎಂದು ಮೊದಲೇ ಹೇಳಿದಳು. ಆಮೇಲೆ, ಹಾಲು ಒಡೆಸಿ ಗಿಣ್ಣಿನ ಹಾಗೆ ಗಟ್ಟಿ ಮಾಡುತ್ತೀರಾ ಎಂದು ಕೇಳಿದಳು. ಮಾಡಿದ್ದೆ, ಸರಿಯಾಗಿ ಗಟ್ಟಿಯಾಗುವುದೇ ಇಲ್ಲ, ನೀರೇ ಜಾಸ್ತಿ, ನನಗೆ ಕೈ ಕುದುರಿಲ್ಲ ಅಂದೆ. ಅವಳು ಸ್ವಲ್ಪ ಯೋಚಿಸಿ, ಬಿತ್ತನೆ ಮಡಕೆಯಿಂದ ಒಂದು ಪಾವು ತೆಗೆಯಿರಿ ಅಂದಳು.

ಎರಡನ್ನೂ ಒಂದೊಂದು ಪಾವು ಅಳೆದು ಬೇರೆಬೇರೆ ನೆನೆಸಿದೆವು. ರಾತ್ರಿ ಅವಳು ನಮ್ಮಲ್ಲೇ ಉಳಿದಳು. ಮಾರನೆಯ ಬೆಳಿಗ್ಗೆ ಒಂದೇ ಅಳತೆಯ ನೀರು ಹಾಕಿ ರುಬ್ಬಿ, ಸೋಸಿ, ಕುದಿಸಿ, ನಿಂಬೆಹಣ್ಣು ಹಿಂಡಿದೆವು. ಎರಡು ಪಾತ್ರೆ ಹಾಲೂ ಒಂದೇ ಬಿಳುಪು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಎಷ್ಟು ಸಲ ಮಕ್ಕಳ ಕೈಲಿ ವಿಸ್ತರಿಸಿ ಬರೆಸಿದ್ದೇನೋ! ಬಟ್ಟೆಯಲ್ಲಿ ಕಟ್ಟಿ ಹಿಂಡಿದಾಗ ಬಿತ್ತನೆಯ ಸಣ್ಣ ಕಾಳಿನದು ಅಂಗೈ ತುಂಬ ಗಟ್ಟಿ ಉಂಡೆಯಾಗಿ ನಿಂತಿತು. ನಾನು ಆರಿಸಿ ಇಟ್ಟ ದಪ್ಪ ಕಾಳಿನದು ಅದರ ಪಕ್ಕದಲ್ಲಿ ಮೆತ್ತಗೆ, ಅರ್ಧಕ್ಕೆ ಸ್ವಲ್ಪ ಮೇಲೆ. ಗಟ್ಟಿಯಾಗಿ ನಿಲ್ಲುವುದೇ ಪ್ರೋಟೀನು ಮಿಸ್ ಎಂದು ಹೇಳಿ ಹುಡುಗಿ ಯಜಮಾನರ ಕಡೆ ತಿರುಗಿದಳು.

"ಸರ್, ರಸ್ತೆ ಕಡೆಗೆ ಯೂರಿಯಾ ಹಾಕಿದ್ರಾ?"

"ಒಂದೆಲ್ಡು ಮೂಟೆ..." ಅಂದರು. "ಜನ ಎಲ್ಲಾ ಕಾಮಾಲೆ ಕಾಮಾಲೆ ಅಂತ ಆಡ್ಕತಿದ್ರು ಕಣವ್ವ."

ಹಾವು ಆಗ ಹೊರಗೆ ಬಂತು.

ನಾನು ಏನೇನು ಅಂದೆ ಎಂಬುದನ್ನು ಬರೆಯುವುದಿಲ್ಲ. ಅಷ್ಟು ವರ್ಷ ಶಾಲೆಯಲ್ಲಿ ಅದುಮಿಟ್ಟದ್ದೆಲ್ಲ ಆವತ್ತು ಅಡುಗೆಮನೆಯಲ್ಲಿ ಬಂತು. ಆದರೆ ಬೈಯುತ್ತಾ ಬೈಯುತ್ತಾ ಬೈಗುಳ ನನ್ನ ಕಡೆಗೇ ತಿರುಗಿತು. ಹೊಲಕ್ಕೆ ಯೂರಿಯಾ ಎರಚಿದವರು ಅವರು. ದಪ್ಪಗಿದೆ, ಹೊಳೆಯುತ್ತಿದೆ ಎಂದು ಆ ಕಾಳನ್ನೇ ಆರಿಸಿ ಬಸುರಿಗೆ ಬೇಯಿಸಿ ಹಾಕಿದವಳು, ಒಳ್ಳೆಯದನ್ನು ಮಾರಿದವಳು ನಾನು. ಬಸ್ಸಿನ ಕಿಟಕಿಯವರನ್ನು ಬೈಯುವ ನಾನು ಕಣದಲ್ಲಿ ಅವರ ಹಾಗೇ ಅಂಕ ಹಾಕಿದ್ದೆ.

ಮಾರಿದ್ದನ್ನು ವಾಪಸು ತರುತ್ತೇನೆ ಎಂದು ಮಾರನೆಯ ದಿನ ಕೊಳ್ಳೇಗಾಲಕ್ಕೆ ಹೋದೆ. ವ್ಯಾಪಾರಿ ಒಳ್ಳೆಯವನೇ, ಕುರ್ಚಿ ಹಾಕಿಸಿದ, ಟೀ ತರಿಸಿದ.

"ಆ ಕಾಳು ಆವತ್ತೇ ಲೋಡಾಗೋಯ್ತು ಕಣಮ್ಮ, ಕೋಳಿ ಫೀಡಿನ ಮಿಲ್ಲಿಗೆ. ನಮಗೆ ಎಲ್ಲಾರ್ದೂ ಒಂದೇ ಸೋಯಾ. ತೇವ ನೋಡ್ತೀವಿ, ತೂಕ ಹಾಕ್ತೀವಿ."

"ಒಳಗೆ ಏನಿದೆ ಅಂತ ಯಾರೂ ನೋಡಲ್ವಾ?"

"ಯಾಕ್ ನೋಡಲ್ಲ? ಮಿಲ್ಲಲ್ಲಿ ನೋಡ್ತಾರೆ. ಪ್ರೋಟೀನು ಎಷ್ಟದೆ ಅಂತ ಮಿಷನ್‌ಗೆ ಹಾಕಿ ನೋಡೇ ಇಳಿಸ್ಕಳದು. ನಿಮ್ದು ಸೇರಿದ್ ಲೋಡು ಚೆನ್ನಾಗಿತ್ತು ಅಂದ್ರಪ್ಪ. ಕಮ್ಮಿ ಇದ್ರೆ ಕೋಳಿ ತೂಕ ಬರಲ್ಲ ನೋಡಿ."

ನಾನು ಟೀ ಲೋಟ ಕೆಳಗಿಟ್ಟೆ. ಮನುಷ್ಯರು ತಿನ್ನುವ ಸೋಯಾಕ್ಕೂ ಹಾಗೆ ನೋಡುತ್ತಾರಾ ಎಂದು ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅಂಗಡಿಗೆ ಓಗೋ ಮಾಲಿಗಾ? ಅದಕ್ಕೆ ಬಣ್ಣ ಇದ್ರೆ ಸಾಕು ಕಣಮ್ಮ" ಅಂದ.

ವಾಪಸು ಬರುವ ಬಸ್ಸಿನಲ್ಲಿ ನನಗೆ ಕೂರಲಾಗಲಿಲ್ಲ. ಕೋಳಿಗೆ ಏನು ಹಾಕುತ್ತಿದ್ದೇವೆ ಎಂದು ನೋಡುವ ಮಿಷನ್ನು ಈ ದೇಶದಲ್ಲಿ ಇದೆ. ಬಸುರಿಗೆ ಏನು ಹಾಕುತ್ತಿದ್ದೇವೆ ಎಂದು ನೋಡಲು ನನ್ನ ಹತ್ತಿರ ಒಂದು ನಿಂಬೆಹಣ್ಣು, ಒಂದು ಬಟ್ಟೆ. ಗೊಬ್ಬರದವನಿಗೆ ಮೂಟೆ ಖಾಲಿಯಾದರೆ ಸಾಕು. ವ್ಯಾಪಾರಿಗೆ ತಕ್ಕಡಿ ಬಾಗಿದರೆ ಸಾಕು. ನಮ್ಮ ಗಂಡಸರಿಗೆ ಟೀ ಅಂಗಡಿಯಲ್ಲಿ ತಲೆ ಎತ್ತಿ ಕೂರುವಂತಿದ್ದರೆ ಸಾಕು. ಮೊಟ್ಟೆ ಒಳಗೆ ಬರದ ನಮ್ಮ ಮನೆಯ ಒಳ್ಳೆಯ ಕಾಳನ್ನೆಲ್ಲ ಯಾವುದೋ ಊರಿನ ಕೋಳಿಗಳು ತಿಂದು ಮೊಟ್ಟೆ ಇಟ್ಟವು. ನಮ್ಮ ಹುಡುಗಿ ಮೂಗು ಮುಚ್ಚಿಕೊಂಡು ನೀರು ಕುಡಿದಳು.

ಮನೆಗೆ ಬಂದವಳೇ ಏಣಿ ಹಾಕಿ ಅಟ್ಟದಿಂದ ಬಿತ್ತನೆಯ ಮಡಕೆ ಇಳಿಸಿದೆ. ಮೊನ್ನೆ ಒಂದು ಪಾವಿಗೆಂದು ತೆಗೆದು ಮತ್ತೆ ಮೆತ್ತಿದ್ದ ಸಗಣಿ ಇನ್ನೂ ಹಸಿಯಾಗಿಯೇ ಇತ್ತು. ಬಿತ್ತನೆ ಕಾಳನ್ನು ಉಣ್ಣುವುದು ನಮ್ಮಲ್ಲಿ ಪಾಪ. ನಮ್ಮತ್ತೆ ಎಂಥ ಬರದಲ್ಲೂ ಆ ಕೆಲಸ ಮಾಡಿದವರಲ್ಲ. ಯಜಮಾನರು ಮಡಕೆಗೆ ಅಡ್ಡ ಕೈಯಿಟ್ಟರು.

"ಬಿತ್ನೇದು ಕಣಮ್ಮಿ! ಮುಂದಲ್ ವರ್ಸಕ್ಕೆ ಏನ್ ಬಿತ್ತೀಯಾ?"

"ನಿಮಗೆ ರಸ್ತೆಗೆ ಕಾಣೋ ಹಾಗೆ ಏನು ಬೇಕೋ ಬಿತ್ತಿಕೊಳ್ಳಿ. ಅವಳ ಹೊಟ್ಟೆಯಲ್ಲಿರೋದು ರಸ್ತೆಗೆ ಕಾಣಲ್ಲ."

ಅವರು ಕೈ ತೆಗೆದರು. ಮಡಕೆಯ ಬಾಯಿ ಒಡೆದು ಕಾಳನ್ನು ಮೊರಕ್ಕೆ ಸುರಿದೆ. ಬೂದಿ ಹಾರಿಸಲು ಅವರೇ ಮೊರ ತೆಗೆದುಕೊಂಡು ಹಿತ್ತಲಿಗೆ ಹೋದರು. ನಾನು ನೆನೆಹಾಕಲು ಪಾತ್ರೆ ತೊಳೆದಿಟ್ಟೆ.

ಉಳಿದ ಎರಡು ತಿಂಗಳು ಅದನ್ನೇ ಕೊಟ್ಟೆ. ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ಸಣ್ಣದೇ ಆಗಿತ್ತು. ಆಸ್ಪತ್ರೆಯವರು ಕೆಲವು ದಿನ ಹೆಚ್ಚಿಗೆ ಇಟ್ಟುಕೊಂಡು ಕಳಿಸಿದರು. ಬಿತ್ತನೆ ಕಾಳು ಮಗುವನ್ನು ಉಳಿಸಿತು ಎಂದು ನಾನು ಹೇಳುವುದಿಲ್ಲ, ಇಲಾಖೆಯ ಹುಡುಗಿಯೂ ಹೇಳಬೇಡಿ ಅಂದಿದ್ದಾಳೆ. ಮೊದಲಿನಿಂದ ಅದನ್ನೇ ಕೊಟ್ಟಿದ್ದರೆ ಹೇಗಿರುತ್ತಿತ್ತು ಎಂಬುದು ಮಾತ್ರ ನನ್ನನ್ನು ಬಿಡುವುದಿಲ್ಲ.

ಮಡಕೆಯ ಕಾಳಿನಲ್ಲಿ ಒಂದು ಹಿಡಿಯನ್ನು ಸೊಸೆ ನನಗೆ ಗೊತ್ತಿಲ್ಲದೆ ಹಳೆಯ ಸೆರಗಿನ ತುಂಡಿನಲ್ಲಿ ಕಟ್ಟಿ ಇಟ್ಟಿದ್ದಳು. ಈ ಮುಂಗಾರಿಗೆ ತಂದು ಕೈಗಿಟ್ಟಳು. ಒಂದು ಹಿಡಿಗೆ ಎಷ್ಟು ಜಾಗ ಬೇಕು? ಹಿಂದಿನ ಹೊಲದಲ್ಲಿ ಮರೆಯಾಗಿ ಹಾಕೋಣ ಎಂದರು ಯಜಮಾನರು. ನಾನು ರಸ್ತೆಯ ಅಂಚಿಗೇ ಮೂರು ಸಾಲು ಹಾಕಿಸಿದೆ, ಕಿಟಕಿಯಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರ. ಎರಡು ವಾರಕ್ಕೆ ಮೂರು ಸಾಲೂ ಹಳದಿಗೆ ತಿರುಗಿದವು. ಮೊನ್ನೆ ಮಗುವನ್ನು ಎತ್ತಿಕೊಂಡು ಅಲ್ಲಿ ನಿಂತಿದ್ದೆ. ಬೈಕಿನಲ್ಲಿ ಹೋಗುತ್ತಿದ್ದ ಒಬ್ಬ ನಿಧಾನ ಮಾಡಿ, "ಏನಣ್ಣೋ, ಮತ್ತೆ ಕಾಮಾಲೆ!" ಎಂದು ಯಜಮಾನರಿಗೆ ಕೂಗಿದ.

ಯಜಮಾನರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಮಗುವಿನ ಕಡ್ಡಿಯಂಥ ಕಾಲು ನೋಡಿದರು.

"ಊಂ ಕಣ್ಲಾ, ಕಾಮಾಲೆ. ನೀನ್ ನೋಡ್ಕಂಡು ಓಗು" ಅಂದು ಕಳೆ ಕೀಳಲು ಬಗ್ಗಿದರು.